ಯಜಮಾನರ ಕೈಗೆ ಹಸಿ ಕೊಂಬೆ

ಕಂಟ್ರಾಕ್ಟರ್ ನಿರ್ವಾಣಪ್ಪನವರು ಗೆಳೆಯರ ದಂಡು ಕಟ್ಟಿಕೊಂಡು ಬಂಡೀಪುರದ ಕಾಡಂಚಿನಲ್ಲಿ ಡೇರೆ ಹಾಕಿದರು. ಬೇಸಿಗೆ. ಕಾಲಿಟ್ಟಲ್ಲೆಲ್ಲ ಒಣ ತರಗೆಲೆ. ಸಂಜೆಯಾಗುತ್ತಲೇ ಡೇರೆಗಳ ಜಾಗ ಕಾಯುವ ಕಾವಲುಗಾರನನ್ನು ಕೂಗಿದರು.

“ಲೋ, ಸೌದೆ ತಾ! ಬೆಂಕಿ ಹಾಕಿ ಕುಣೀಬೇಕು. ಆಗಲ್ಲ ಅಂದ್ರೆ ನಾಳೆ ನಿನ್ನ ಕೆಲಸ ಇರಲ್ಲ!”

“ಆಗ್ಲಿ ಬುದ್ಧಿ,” ಎಂದ ಕಾವಲುಗಾರ. ಸೌದೆ ತಂದ. ಜೊತೆಗೆ ಹಸಿ ಸೊಪ್ಪಿನ ಕೊಂಬೆಗಳನ್ನು ಮುರಿದು ತಂದು ಎಲ್ಲರ ಕೈಗೂ ಒಂದೊಂದು ಕೊಟ್ಟ.

“ಇದ್ಯಾಕೋ?”

“ಕಿಡಿ ಹಾರಿ ಕಾಡು ಹತ್ಕೊಂಡ್ರೆ ಇದ್ರಲ್ಲೇ ಬಡಿದು ಆರಿಸೋದು ಬುದ್ಧಿ. ಬೆಂಕಿ ಹಚ್ಚಿದ ಯಜಮಾನ್ರು ಮುಂದೆ ನಿಲ್ಬೇಕು. ಆ ನೈಲಾನ್ ಅಂಗಿ ಬಿಚ್ಚಿಡಿ, ಕರಗಿ ಮೈಗೆ ಅಂಟ್ಕೊತದೆ.”

ನಿರ್ವಾಣಪ್ಪನವರು ಕೊಂಬೆ ನೋಡಿದರು, ತರಗೆಲೆ ನೋಡಿದರು. “ನೀನೆಲ್ಲಿರ್ತೀಯ?”

“ದೂರದಲ್ಲಿ. ನಿಮ್ಮ ಮನೆಗೆ ಸುದ್ದಿ ಮುಟ್ಟಿಸೋಕೆ ಒಬ್ಬ ಬೇಕಲ್ಲ ಬುದ್ಧಿ?”

ಗೆಳೆಯರು ಒಬ್ಬೊಬ್ಬರಾಗಿ ಕೊಂಬೆ ಕೆಳಗಿಟ್ಟರು. ಒಬ್ಬ ಟಾರ್ಚಿಗೆ ಕೆಂಪು ವಸ್ತ್ರ ಸುತ್ತಿ ನಡುವೆ ನಿಲ್ಲಿಸಿದ. ಅದರ ಸುತ್ತಲೇ ಎಲ್ಲರೂ ಕುಣಿದರು. ಕಾವಲುಗಾರನೂ ಎರಡು ಹೆಜ್ಜೆ ಹಾಕಿದ.

ಬೆಳಿಗ್ಗೆ ಪಕ್ಕದ ಡೇರೆಯವನೊಬ್ಬ ಬೀಡಿ ಬಾಯಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ. ನಿರ್ವಾಣಪ್ಪನವರು ಓಡಿಹೋಗಿ ಅವನ ಕೈಗೊಂದು ಹಸಿ ಕೊಂಬೆ ಕೊಟ್ಟರು.

“ಮೊದಲು ಅಂಗಿ ಬಿಚ್ಚಪ್ಪ.”