ಹಗ್ಗ ಹಿಡಿದ ಶಿಷ್ಯರು

ಶ್ರೀ ಗುರುಶಾಂತ ಸ್ವಾಮಿಗಳು ಜೇನುಕುರುಬರ ಹಾಡಿಯ ಪಕ್ಕದ ಹುಲ್ಲುಗುಡಿಸಲಿನಲ್ಲಿ ವಾಸವಾಗಿದ್ದರು. ಪವಾಡವನ್ನೇನೂ ಮಾಡಲಿಲ್ಲ, ಅವರನ್ನು ನಂಬಲು ಅದೇ ಒಂದು ಕಾರಣ.

ಹಿರಿಯ ಶಿಷ್ಯ ರುದ್ರಮುನಯ್ಯನವರು ಸಂಸ್ಕೃತ ಬಲ್ಲವರು. ಗುರುಗಳ ಪಾದುಕೆಯನ್ನು ಬೇರೆಯವರು ಮುಟ್ಟಿದರೂ ಸಹಿಸರು. ಹೀಗಿರುವಾಗ ಸ್ವಾಮಿಗಳು ಸಂಜೆಯ ಪೂಜೆಯನ್ನು ಜೇನು ಕೀಳುವ ಬೊಳ್ಳನಿಗೆ ಒಪ್ಪಿಸಿದರು. ಬೊಳ್ಳನಿಗೆ ಮಂತ್ರ ಬಾರದು. ಜೇನಿನ ಹಾಡನ್ನೇ ಹಾಡುತ್ತಿದ್ದ. ಸ್ವಾಮಿಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ರುದ್ರಮುನಯ್ಯನವರಿಗೆ ಅನ್ನ ಸೇರದಾಯಿತು.

“ನನ್ನ ಸೇವೆಯಲ್ಲಿ ಏನು ಕೊರತೆ ಕಂಡಿರಿ?” ಎಂದು ಒಂದು ದಿನ ಕೇಳಿಯೇಬಿಟ್ಟರು.

“ಬಾರಯ್ಯ” ಎಂದು ಸ್ವಾಮಿಗಳು ಜೇನುಬಂಡೆಗೆ ಕರೆದೊಯ್ದರು.

ಬಂಡೆಯ ನೆತ್ತಿಯಲ್ಲಿ ಬೊಳ್ಳ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಕೆಳಗೆ ಹೆಜ್ಜೇನು, ಅದರ ಕೆಳಗೆ ಕಣಿವೆ. ಹಗ್ಗವನ್ನು ಹೆಂಡತಿಯ ತಮ್ಮನೇ ಹಿಡಿಯಬೇಕೆಂಬುದು ಆ ಹಾಡಿಯ ಕಟ್ಟಳೆ. ಆ ತಮ್ಮ ಕರಿಯ ಗೊಣಗುತ್ತಲೇ ಇದ್ದ.

“ಎಲ್ರ ಬಾಯಲ್ಲೂ ಬೊಳ್ಳ, ಬೊಳ್ಳ! ಹಗ್ಗ ಹಿಡಿಯೋ ಕರಿಯನ್ನ ಯಾರು ಕೇಳ್ತಾರೆ?”

“ಇಂಥ ಹೊಟ್ಟೆಕಿಚ್ಚಿನವನ ಕೈಗೆ ಜೀವ ಕೊಡುವುದೆ?” ಎಂದರು ರುದ್ರಮುನಯ್ಯ.

ಕರಿಯ ನಕ್ಕ. “ಕಿಚ್ಚು ಅದೆ, ಬುದ್ಧಿ. ಆದ್ರೆ ಬಾವ ಬಿದ್ರೆ ಅಳೋಳು ನಮ್ಮಕ್ಕ.”

ವಿದ್ಯಾವಂತರಾದ ನಾವು ಹೊಟ್ಟೆಕಿಚ್ಚನ್ನು ಶಾಲಿನ ಒಳಗೆ ಮುಚ್ಚಿಡುತ್ತೇವೆ. ಹಾಡಿಯವರು ಅದರ ಕೈಗೆ ಹಗ್ಗ ಕೊಟ್ಟು ಕೂರಿಸುತ್ತಾರೆ.

ಸ್ವಾಮಿಗಳು ಕರಿಯನ ಕೈಯಿಂದ ಹಗ್ಗವನ್ನು ಬಿಡಿಸಿ ರುದ್ರಮುನಯ್ಯನವರ ಕೈಗಿಟ್ಟರು. ಕರಿಯನ ನಗು ಇಂಗಿತು. ಬೊಳ್ಳ ಹೊಸ ಹಿಡಿತಗಾರರ ಮುಖ ನೋಡಿದ. “ಇದಕ್ಕಿಂತ ಹೆಜ್ಜೇನೇ ವಾಸಿ” ಎಂದವನೇ ಗುರುಗಳಿಗೆ ಕೈಮುಗಿದು ಇಳಿದ.

“ಅವನು ಬಿದ್ದರೆ ನಿನಗೆ ಹೋಗುವುದೇನು?” ಎಂದರು ಸ್ವಾಮಿಗಳು.

ಹೋಗುವುದೇನೂ ಇರಲಿಲ್ಲ. ಪೂಜೆ ಮರಳಿ ಬರುತ್ತಿತ್ತು. ರುದ್ರಮುನಯ್ಯನವರಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಬಂಡೆಯ ಮರೆಯಿಂದ ಅದೇ ಹಾಡು ಕೇಳಿಬಂತು. “ಹಾಡು ಕೇಳ್ತಾ ಇದ್ರೆ ಬದುಕವ್ನೆ ಅಂತ” ಎಂದು ಕರಿಯ ಪಿಸುಗುಟ್ಟಿದ.

ಹಾಡು ನಿಂತಿತು.

ರುದ್ರಮುನಯ್ಯನವರು ಹಿಮ್ಮಡಿ ಊರಿ ಹಗ್ಗವನ್ನು ಎದೆಗೆ ಒತ್ತಿಕೊಂಡರು. ಸಂಸ್ಕೃತವೆಲ್ಲ ಮರೆತುಹೋಗಿತ್ತು. “ಹಾಡೋ ಬೊಳ್ಳಾ! ಹಾಡೋ ಮಾರಾಯಾ!”

ಕೆಳಗೆ ಜೇನು ಎಬ್ಬಿಸುವ ಹೊಗೆಗೆ ಕೆಮ್ಮಿದ ಸದ್ದು. ಬಳಿಕ ಹಾಡು.

ಮತ್ಸರ ಅಳಿಯಿತೆಂದು ರುದ್ರಮುನಯ್ಯನವರು ಎಂದೂ ಹೇಳಿಕೊಳ್ಳಲಿಲ್ಲ. ಆದರೆ ಸಂಜೆ ಬೊಳ್ಳ ಬರುವುದು ತಡವಾದರೆ, ಗುಡಿಸಲಿನ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದರು.