ಮೊದಲ ನಳದ ಒಪ್ಪಿಗೆ

ಸುನಂದಾ ಪುರಸಭೆಯ ನೀರಿನ ವಿಭಾಗದ ಗುಮಾಸ್ತೆ. ನೀರು ಬಿಡುವ ದಿನ ಮೆಸೇಜ್ ಕಳಿಸಲೆಂದು ಪಡೆದ ಆರು ಸಾವಿರ ಮನೆಗಳ ಫೋನ್ ನಂಬರುಗಳು ಅವಳ ಬಳಿ ಇದ್ದವು. ಅಧ್ಯಕ್ಷ ಬಸವಣ್ಣೆಪ್ಪನವರಿಗೆ ಅವು ಸಂಜೆಯೊಳಗೆ ಬೇಕಿದ್ದವು. ಅವರ ಗೆಳೆಯನೊಬ್ಬ ನೀರಿನ ಫಿಲ್ಟರ್ ಮಾರುತ್ತಿದ್ದ.

"ಕೊಟ್ರೆ ಕಾನೂನು ಹಿಡಿಯುತ್ತೆ ಸರ್. ಜನರ ಒಪ್ಪಿಗೆ ಬೇಕು."

"ಕೊಡದಿದ್ರೆ ನಾನು ಹಿಡೀತೀನಿ. ಗಡಿ ತಾಲ್ಲೂಕಿಗೆ ವರ್ಗ ಮಾಡಿಸ್ಲೇನಮ್ಮ?"

ಸುನಂದಾಳ ತಾಯಿಗೆ ಇದೇ ಊರಿನಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ಕರೆದೊಯ್ಯಲು ಬೇರೆ ಯಾರೂ ಇರಲಿಲ್ಲ.

"ಹಾಗಾದ್ರೆ ನಳದ ನಂಬರಿನ ಕ್ರಮದಲ್ಲಿ ಒಂದೊಂದೇ ಮನೆಗೆ ಮೆಸೇಜ್ ಹಾಕಿ ಒಪ್ಪಿಗೆ ಕೇಳ್ತೀನಿ ಸರ್."

"ಕೇಳಮ್ಮ, ಕೇಳು. ಮೆಸೇಜ್ ಯಾರು ಓದ್ತಾರೆ?"

ನೀರು ಐದು ದಿನಕ್ಕೊಮ್ಮೆ ಬರುವ ಊರು. ಪುರಸಭೆಯ ಮೆಸೇಜ್ ಓದದ ಮನೆಯೇ ಇರಲಿಲ್ಲ. ಅವಳು ಅಲ್ಲೇ ಕೂತು ಬರೆದಳು: 'ಅಧ್ಯಕ್ಷರು ನಿಮ್ಮ ನಂಬರನ್ನು ತಮ್ಮ ಗೆಳೆಯನ ಫಿಲ್ಟರ್ ಅಂಗಡಿಗೆ ಕೊಡಲಿದ್ದಾರೆ. ಒಪ್ಪಿಗೆ ಇಲ್ಲದವರು ಅವರಿಗೇ ಫೋನ್ ಮಾಡಿ.' ಕೆಳಗೆ ಅವರ ನಂಬರು ಹಾಕಿ, ಒಂದನೇ ನಳದ ಮನೆಗೆ ಮಾತ್ರ ಕಳಿಸಿದಳು.

ಒಂದನೇ ನಂಬರಿನ ನಳ ತಮಗೇ ಬೇಕೆಂದು ಹಿಂದೆ ಅಧ್ಯಕ್ಷರೇ ಹಟ ಹಿಡಿದು ಪಡೆದಿದ್ದರು, ಹೆಂಡತಿಯ ಹೆಸರು, ಫೋನ್ ನಂಬರು ಕೊಟ್ಟು.

ಎರಡು ನಿಮಿಷದಲ್ಲಿ ಅವರ ಫೋನ್ ಬಡಿದುಕೊಂಡಿತು. "ರೀ, ನನ್ನ ನಂಬರು ಕಂಡಕಂಡವರಿಗೆ ಹಂಚೋಕೆ ನೀವ್ಯಾರ್ರೀ?" ದನಿ ಸುನಂದಾಳಿಗೂ ಕೇಳಿಸಿತು.

ಅಧ್ಯಕ್ಷರು ಬೆವರು ಒರೆಸಿಕೊಂಡರು. "ಇನ್ನೆಷ್ಟು ಮನೆ ಇವೆಯಮ್ಮ?"

"ಐದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸರ್. ಕಳಿಸ್ಲಾ?"

"ಬೇಡ ತಾಯಿ. ನಾಳೆ ನೀರು ಬರುತ್ತೆ ಅಂತ ಮಾತ್ರ ಕಳಿಸು."