ಗೇಣುಬಂಡೆಯ ಕ್ಷೀರರೇಖೆ

ಪೂರ್ವಕಾಲದಲ್ಲಿ, ಈ ಕರಿಬಂಡೆಗಳ ಸೀಮೆಗೆ ಇನ್ನೂ ಯಾವ ದೊರೆಯ ಹೆಸರೂ ಅಂಟಿರದ ಯುಗದಲ್ಲಿ, ಇಲ್ಲಿಗೆ ಹರದಾರಿ ದೂರದ ದಿಬ್ಬದ ಮೇಲೆ ಶ್ರೀ ಕ್ಷೀರಲಿಂಗೇಶ್ವರ ಮಹಾಸಂಸ್ಥಾನವು ಸಕಲೈಶ್ವರ್ಯಸಂಪನ್ನವಾಗಿ ಮೆರೆಯುತ್ತಿತ್ತು. ಐಶ್ವರ್ಯವೆಂದರೆ ಆಗ ಗೋಧನವೇ. ಮಳೆಗೆ, ಮದುವೆಗೆ, ಜ್ವರಕ್ಕೆ, ಜಗಳಕ್ಕೆ ಹರಕೆ ಹೊತ್ತವರೆಲ್ಲ ಹಸುವನ್ನೇ ಒಪ್ಪಿಸಿ ಒಪ್ಪಿಸಿ, ಕೊನೆಗೆ ಸುತ್ತಲಿನ ಏಳು ಹಳ್ಳಿಗಳಲ್ಲಿ ತೊಡೆಯ ಮೇಲೆ ತ್ರಿಶೂಲದ ಬರೆಯಿಲ್ಲದ ಹಸು, ಎಮ್ಮೆ, ಆಡು ಒಂದೂ ಉಳಿಯಲಿಲ್ಲ. ಅವುಗಳ ಹಾಲೆಲ್ಲ ಹಗಲಿಡೀ ಲಿಂಗದ ಮೇಲೆ ಸುರಿದು, ಹಿಂದಿನ ಕಲ್ಲುಕೊಳದಲ್ಲಿ ತುಂಬಿ, ಹುಳಿತು ನಾರುತ್ತಿತ್ತು. ಆ ನಾತಕ್ಕೂ ದಿವ್ಯಪರಿಮಳವೆಂದು ಹೆಸರಿಟ್ಟಿದ್ದರು.

ಅಲ್ಲಿ ಹಾಲು ಕರೆಯುತ್ತಿದ್ದವನು ನಮ್ಮೂರಿನ ಕ್ಯಾತ. ಅವನಂಥ ಕೈ ಹದಿನಾಲ್ಕು ಲೋಕ ಹುಡುಕಿದರೂ ಸಿಗದು. ಒದೆಯುವ ಹಸುವೂ ಅವನ ಬೆರಳು ಕೆಚ್ಚಲಿಗೆ ತಾಗಿದೊಡನೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಹನ್ನೆರಡು ವರ್ಷ ಸಂತಾನಹೀನನಾಗಿ ನೊಂದ ಅವನು, ತನಗಿದ್ದ ಒಂದೇ ಹಸು ಕೆಂದಿಯನ್ನು ದೇವರಿಗೆ ಬಿಟ್ಟನು. ವರ್ಷ ತುಂಬುವುದರೊಳಗೆ ಹೆಂಡತಿ ಸಿರಿಯವ್ವ ಹೆಣ್ಣುಕೂಸನ್ನು ಹೆತ್ತಳು. ಆದರೆ ಬಾಣಂತಿಜ್ವರದಲ್ಲಿ ಅವಳ ಎದೆಹಾಲು ಬತ್ತಿಹೋಯಿತು.

"ಹಸು ಕೊಟ್ಟು ಕೂಸು ತಂದೆ. ಈಗ ಕೂಸಿಗೆ ಹಸು ಎಲ್ಲಿಂದ ತರ್ತೀಯಾ, ಮಹಾರಾಯ?" ಎಂದಳು.

ಕ್ಯಾತನು ಸಂಸ್ಥಾನದ ಆಡಳಿತ ನಡೆಸುತ್ತಿದ್ದ ಪಾರುಪತ್ಯಗಾರ ವೀರಭೋಗಯ್ಯನ ಮುಂದೆ ಕೈಮುಗಿದು ನಿಂತನು. "ಬುದ್ಧೀ, ನನ್ನ ಕೆಂದೀದೇ ಒಂದು ಒಳಲೆ ಹಾಲು..."

"ನಿನ್ನ ಕೆಂದಿಯೇನೋ? ಕೊಟ್ಟ ಮೇಲೆ ಅದು ನಿನ್ನದು ಹೇಗಾಯ್ತೋ? ದೇವರು ಕೊಟ್ಟ ಕೂಸನ್ನ ವಾಪಸ್ ಕೇಳಿದ್ನೇನೋ?"

ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಕರೆಯುವವರಿಗೆ ಅಲ್ಲೊಂದು ಕಟ್ಟಳೆ. ಬೆರಳಿಗಂಟಿದ ಹಾಲೂ ದೇವರ ಸೊತ್ತೇ ಆದ್ದರಿಂದ, ಪ್ರತಿಯೊಬ್ಬನೂ ತನ್ನ ತಾಮ್ರದ ಬಟ್ಟಲಲ್ಲಿ ಬೆರಳು ತೊಳೆದೇ ಮನೆಗೆ ಹೋಗಬೇಕು. ಆ ನೀರೂ ಲಿಂಗಕ್ಕೇ. ಅಂದಿನಿಂದ ದಿನವೂ ಕ್ಯಾತನು ತೊಳೆದಂತೆ ನಟಿಸಿ, ಮುಷ್ಟಿ ಬಿಗಿದುಕೊಂಡು ಓಡಿಬಂದು, ಒಂದೊಂದೇ ಬೆರಳನ್ನು ಕೂಸಿನ ಬಾಯಿಗಿಟ್ಟನು. ಹತ್ತು ಬೆರಳಿನ ಹಾಲಿನಲ್ಲಿ ಆ ಕೂಸು ಆರು ದಿನ ಬದುಕಿತು. ಕೇಳಿದಿರಾ, ಆರು ದಿನ! ನಮ್ಮೂರಿನ ರಕ್ತ ಅದು. ಏಳನೆಯ ಬೆಳಗ್ಗೆ ವೀರಭೋಗಯ್ಯನು ಕ್ಯಾತನ ಬಟ್ಟಲಿನ ನೀರು ತಿಳಿಯಾಗಿರುವುದನ್ನು ಕಂಡನು.

"ದೇವರ ಹಾಲು ಕದ್ದ ಕೈ ಇವತ್ತು ಸಾವಿರ ಕೊಡ ದೇವರಿಗೇ ಹೊಯ್ಯಲಿ" ಎಂದು ಗರ್ಭಗುಡಿಯ ಬಾಗಿಲು ಹಾಕಿಸಿದನು.

"ಕೂಸು ಹಸಿದದೆ, ಬುದ್ಧೀ!"

"ದೇವರೂ ಹಸಿದಿದ್ದಾನೆ. ಹೊಯ್ಯೋ."

ಕೊಡದ ಮೇಲೆ ಕೊಡ ಹೊಯ್ದು ರಟ್ಟೆ ಸೋತು, ಹೊತ್ತು ಬಾಗಿ, ಕಟ್ಟಕಡೆಯ ಕೊಡವನ್ನು ಎತ್ತಿಕೊಂಡಾಗ ಅದು ಕೆಂದಿಯ ಹಾಲೆಂಬುದು ವಾಸನೆಯಿಂದಲೇ ಅವನಿಗೆ ತಿಳಿಯಿತು. ಕ್ಯಾತನು ಕೊಡವನ್ನು ಕೆಳಗಿಟ್ಟನು.

"ಕ್ಷೀರಲಿಂಗಾ, ಬೆಳಗಿಂದ ಹೊಯ್ತಾ ಇದೀನಿ. ನೀನು ಕುಡೀತೀಯೋ ಇಲ್ವೋ, ಅದೊಂದು ಹೇಳ್ಬಿಡು."

ತಲೆಮಾರುಗಳಿಂದ ಹಗಲಲ್ಲಿ ಒಮ್ಮೆಯೂ ನಿಲ್ಲದಿದ್ದ ಹಾಲಿನ ಸದ್ದು ಆಗ ನಿಂತಿತು. ಆ ನಿಶ್ಶಬ್ದದಲ್ಲಿ ಲಿಂಗಮಧ್ಯದಿಂದ ಅಶರೀರವಾಣಿ ಹೊರಟಿತು: "ಎಲೈ ಗೋಪಾಲಕನೇ, ಒಂದು ತೊಟ್ಟೂ ನನ್ನ ಕಂಠಕ್ಕಿಳಿದಿಲ್ಲ, ಕರ್ಣಗಳಲ್ಲಿ ಮಾತ್ರ ತುಂಬಿಕೊಂಡಿದೆ. ಏಳು ದಿನಗಳಿಂದ ಎಲ್ಲಿಯೋ ಒಂದು ಶಿಶು ರೋದಿಸುತ್ತಿದೆಯೆಂಬ ಶಂಕೆ. ಈ ಸುರಿತದ ಸದ್ದಿನಲ್ಲಿ ದಿಕ್ಕು ತಿಳಿಯಲಿಲ್ಲ. ನಿನ್ನ ಮನೆ ಯಾವ ಕಡೆಗಿದೆ?"

ಕ್ಯಾತನು ಮೂಡಲಿಗೆ ಕೈತೋರಿದನು. ಲಿಂಗವು ಸೀಳಿತು, ಗೋಡೆಯೊಡೆಯಿತು, ಆಗತಾನೇ ಕರೆದಂತೆ ನೊರೆನೊರೆಯಾದ ಹಾಲು ದಿಬ್ಬವಿಳಿದು ಮೂಡಲಿಗೆ ಧಾವಿಸಿತು. ವೀರಭೋಗಯ್ಯನು ಬಿಂದಿಗೆ ಹಿಡಿದು ಅಡ್ಡ ನಿಂತನು. ಬಿಂದಿಗೆಯೂ ಹೋಯಿತು, ಅವನೂ ಹೋದನು.

ಹಾಲಿನ ಪಕ್ಕದಲ್ಲೇ ಕ್ಯಾತ ಓಡಿದನು. ಗುಡಿಸಲ ಮುಂದಿನ ಬಂಡೆಯ ಮೇಲೆ ಸಿರಿಯವ್ವ ಕೂಸನ್ನು ಮಲಗಿಸಿ ಕುಳಿತಿದ್ದಳು. ಹಾಲು ಏರುಬಂಡೆಯನ್ನು ಹತ್ತಿ, ಕೂಸಿನ ತುಟಿಯತ್ತ ಕೈಚಾಚಿದಂತೆ ನೀಳವಾಗಿ ಬಂದಿತು. ತುಟಿ ತಣ್ಣಗಾಗಿತ್ತು.

ಸಿರಿಯವ್ವ ತಲೆಯೆತ್ತಿ ಕೇಳಿದಳು: "ಈಗ ಬಂದ್ನೇನು ನಿನ್ನ ದೇವರು?"

ಆ ಮಾತು ಬಿದ್ದ ಜಾಗದಲ್ಲೇ ಹಾಲು ನಿಂತು ಕಲ್ಲಾಯಿತು.

ಭಕ್ತಾದಿಗಳು ಇಂದಿಗೂ ಕಾಣಬಹುದು: ಕರಿಬಂಡೆಯ ಮೇಲೆ ಮೊಳದಗಲದ ಬಿಳಿಯ ರೇಖೆ ಪಡುವಲಿಂದ ನೆಟ್ಟಗೆ ಬಂದು, ಕೂಸು ಮಲಗಿದ್ದ ಕುಳಿಗೆ ಒಂದು ಗೇಣು ಮುಂಚೆ ನಿಂತಿದೆ. ದಿಬ್ಬದ ಸಂಸ್ಥಾನವು ಸೀಳಿದ ಲಿಂಗಕ್ಕೆ ಚಿನ್ನದ ಕವಚ ತೊಡಿಸಿ ಮತ್ತೆ ಹಾಲು ಹೊಯ್ಯುತ್ತಿದೆ. ಆ ಗೇಣನ್ನು ಮುಚ್ಚಲು ಬೆಳ್ಳಿಯ ತಗಡನ್ನೂ ಒಮ್ಮೆ ಕಳುಹಿಸಿತ್ತು. ಮೊಳೆ ನಿಲ್ಲಲಿಲ್ಲ, ತೂತುಗಳಿವೆ. ನಮ್ಮಲ್ಲಿ ಗೋಪುರವಿಲ್ಲ, ಹುಂಡಿಯಿಲ್ಲ. ಹಾಲು ತಂದವರು ಬಂಡೆಗೆ ಹೊಯ್ಯಕೂಡದು. ಎದುರಿಗೆ ಸಿಕ್ಕ ಮಗುವಿಗೆ ಕುಡಿಸಿ, ಬೆರಳು ತೊಳೆಯದೆ ಮನೆಗೆ ಹೋಗತಕ್ಕದ್ದು.

ಇನ್ನೊಂದು ವಿಚಿತ್ರವುಂಟು. ಆ ಅಂತರವನ್ನು ಎಳೆಯ ಮಗು ಅಳೆದರೂ, ಗರಡಿಯ ಪೈಲ್ವಾನ ಅಳೆದರೂ, ಉಂಗುರ ತೊಟ್ಟ ಸಂಸ್ಥಾನಾಧಿಪತಿಗಳೇ ಬಂದು ಅಳೆದರೂ, ಅವರವರ ಕೈಗೆ ಸರಿಯಾಗಿ ಒಂದೇ ಗೇಣು. ನಂಬಿಕೆಯಿಲ್ಲದವರು ಬಂದು ಕೈಯಿಟ್ಟು ನೋಡಲಿ.